ಶಾಕಾಹಾರಿ ಸಮುದ್ರ

ಅಣ್ಣನ ಮನೆಯ ಸಮುದ್ರ ಕರೆಂಟು ಹೋಗಿ ಸತ್ತಿತು ಎಂದು ನಮ್ಮವರು ಇವತ್ತಿಗೂ ಹೇಳುತ್ತಾರೆ. ಕಲಬುರಗಿಯಲ್ಲಿ ಏನು ಸತ್ತರೂ ಕರೆಂಟಿನ ಮೇಲೆ ಹಾಕಬಹುದು. ಅದು ತಿರುಗಿ ಮಾತಾಡುವುದಿಲ್ಲ. ನಾನು ನೋಡಿದ್ದು ಬೇರೆ. ನೋಡಿದೆನೆಂದು ಅಂದುಕೊಂಡದ್ದು ಅಂತಲಾದರೂ ಅನ್ನಿ. ಆ ಗಾಜಿನ ತೊಟ್ಟಿ ಪಡಸಾಲೆಯ ಬಲಗಡೆ ಇತ್ತು ಎನ್ನುತ್ತೇನೆ ನಾನು. ಎಡಗಡೆ ಎನ್ನುತ್ತಾರೆ ಅಣ್ಣನ ಹೆಂಡತಿ, ನಮ್ಮ ವೈನಿ. ಎಡ ಬಲ ಅವರೇ ಇಟ್ಟುಕೊಳ್ಳಲಿ. ಕರೆಂಟಿನ ಕತೆಯನ್ನು ಮಾತ್ರ ನಾನು ಒಪ್ಪುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಅಣ್ಣ ಸರಕಾರಿ ನೌಕರ, ಐವಾನ್-ಎ-ಶಾಹಿ ಬದಿಗೆ ಹೊಸದಾಗಿ ಬಾಡಿಗೆ ಮನೆ ಹಿಡಿದಿದ್ದ. ನಾನೂ ಅವರ ಜೊತೆಗೇ ಇದ್ದೆ. ಆಫೀಸಿನ ಕೆಲಸಕ್ಕೆಂದು ಹೈದರಾಬಾದಿಗೆ ಹೋದವನು ಅಲ್ಲಿನ ಯಾವುದೋ ದೊಡ್ಡ ಹೋಟೆಲಿನಲ್ಲಿ ಉಪ್ಪುನೀರಿನ ತೊಟ್ಟಿ ನೋಡಿಬಂದ. ಹವಳ, ಬಣ್ಣದ ಮೀನು, ನೀಲಿ ಬೆಳಕು. ಸಿಹಿನೀರಿನ ಬಂಗಾರದ ಮೀನು ಗಾಜಿಪುರದ ಕಟಿಂಗ್ ಅಂಗಡಿಯಲ್ಲೂ ಇತ್ತು. ಆದ್ದರಿಂದ ಅವನಿಗೆ ಸಮುದ್ರವೇ ಬೇಕಾಯಿತು.

ಸಮುದ್ರ ರೈಲಿನಲ್ಲಿ ಬಂತು. ಉಪ್ಪಿನ ಚೀಲ, ಹವಳದ ತುಂಡುಗಳು, ಮೈತುಂಬ ಸಣ್ಣ ಜೀವಗಳು ಅಂಟಿಕೊಂಡಿದ್ದ ಕಲ್ಲುಗಳು, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಪಟ್ಟೆಪಟ್ಟೆಯ ಕೇಸರಿ ಮೀನು, ಬೆರಳುದ್ದದ ನೀಲಿ ಮೀನು. ಜೊತೆಗೊಂದು ಸಾವಿರ ಬೆರಳಿನ ಪ್ರಾಣಿ. ಅಂಗಡಿಯವನು ಅದಕ್ಕೆ ಏನೋ ಇಂಗ್ಲಿಷ್ ಹೆಸರು ಹೇಳಿದ್ದ. ಅಣ್ಣ ಅದನ್ನು ಹೂವು ಎಂದ, ನಾವೂ ಹೂವು ಎಂದೆವು. ನಮ್ಮ ಬೋರಿನ ನೀರು ಕೊಡದ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿತ್ತು. ಅದಕ್ಕೆ ನಮ್ಮೂರು ಕಮಲಾಪುರದ ಹೊಲದ ಬಾವಿಯಿಂದ ಕ್ಯಾನುಗಳಲ್ಲಿ ನೀರು ತರಿಸಿ ಉಪ್ಪು ಕದಡಿದ. ಬೇಸಿಗೆ ಬಂದಾಗ ಮನೆಯ ಒಂದೇ ಕೂಲರಿನ ಮುಖ ತೊಟ್ಟಿಯ ಕಡೆ ತಿರುಗಿತು. ನಾವು ಹಿಂದೆ ಕೂತು ಬೆವರಿದೆವು. ಬಂದವರಿಗೆ ಅಣ್ಣ, ಹವಳಕ್ಕೆ ಬಿಸಿ ತಡೆಯುವುದಿಲ್ಲ ಎಂದು ವಿವರಿಸುತ್ತಿದ್ದ. ನಮಗೆ ತಡೆಯುತ್ತಿತ್ತು ಅಂತ ಅವನಿಗೆ ಯಾರು ಹೇಳಿದ್ದರೋ.

ಊಟದ ಪ್ರಶ್ನೆ ಬಂದದ್ದು ಆಮೇಲೆ. ಈ ಮೀನುಗಳಿಗೆ, ಆ ಹೂವಿಗೆ ಸಿಗಡಿ ಬೇಕು, ತಂದು ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ ಇಡಬೇಕು ಎಂದು ಅಂಗಡಿಯವನು ಹೇಳಿದ್ದ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ವೈನಿ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತರು.

"ಕಮಲಾಪುರದವ್ರು ಸಂತಿಗಿ ಬಂದ್ರ, ದವಾಖಾನಿಗಿ ಬಂದ್ರ ಇಲ್ಲೇ ಉಣ್ತಾರ. ಇದರಾಗ ಸಿಗಡಿ ಅದ ಅಂತ ಗೊತ್ತಾದ್ರ ನನ್ನ ಕೈಲೆ ನೀರು ಸೈತ ಕುಡ್ಯಂಗಿಲ್ಲ. ನಿಮಗೇನ್ರಿ, ಆಫೀಸಿಗಿ ಹೋಗ್ತೀರಿ. ಹೆಸರು ಕೆಡೋದು ನನ್ನ ಒಲೀದು."

"ಹಂಗಾದ್ರ ಮೀನಿಗೇ ಕಾಯಿಪಲ್ಯ ರೂಢಿ ಮಾಡಸ್ತೀನಿ," ಎಂದ ಅಣ್ಣ. "ಎಲ್ಲಾ ರೂಢಿ ಮ್ಯಾಲೆ ನಿಂತದ."

ಬೇಯಿಸಿದ ಪಾಲಕ್, ಜೋಳದ ಹಿಟ್ಟಿನ ಸಣ್ಣ ಗುಳಿಗೆ, ಶೇಂಗಾಪುಡಿ. ಕೇಸರಿ ಮೀನು ಬಾಯಿಗೆ ಹಾಕಿಕೊಂಡು ಉಗುಳುತ್ತಿತ್ತು. ಅಣ್ಣ ಅದನ್ನು ಅಗಿಯುವುದು ಎಂದ. "ನಮ್ಮನಿ ಮೀನು ಪಕ್ಕಾ ಶಾಕಾಹಾರಿ ರೀ" ಎಂಬ ಮಾತು ಬೀದಿಯೆಲ್ಲ ಹರಡಿತು. ಅವನ ಆಫೀಸಿನವರೊಬ್ಬರು ತೊಟ್ಟಿಗೆ ಕೈಮುಗಿದದ್ದು ನನಗೆ ಚೆನ್ನಾಗಿ ನೆನಪಿದೆ. ಇಷ್ಟು ಚೆನ್ನಾಗಿ ನೆನಪಿರುವುದರಿಂದಲೇ ಅನುಮಾನವೂ ಇದೆ. ಮೀನುಗಳು ಸೊರಗಿದವು. ನೀಲಿ ಮೀನಿನ ಹೊಟ್ಟೆ ಒಳಗೆ ಸೇರಿತು. ಹೂವಿಗೆ ಅಣ್ಣ ಏನನ್ನೂ ಹಾಕುತ್ತಿರಲಿಲ್ಲ. ಹೂವು ಬೆಳಕು ಉಣ್ಣುತ್ತದಂತೆ.

ಒಂದು ಮಧ್ಯಾಹ್ನ ಕಮಲಾಪುರದಿಂದ ಅವ್ವ, ಕಾಕಾ, ಇನ್ನಷ್ಟು ಜನ ಟೆಂಪೋ ಮಾಡಿಕೊಂಡು ಊಟಕ್ಕೆ ಬಂದರು. ಒಳಗೆ ವೈನಿ ನಸುಕಿನಿಂದ ರೊಟ್ಟಿ ಬಡಿದಿದ್ದರು, ಎಣ್ಣೆಗಾಯಿ ಮಾಡಿದ್ದರು. ಹೊರಗೆ ಅಣ್ಣ ಎಲ್ಲರನ್ನೂ ತೊಟ್ಟಿಯ ಮುಂದೆ ಕೂರಿಸಿ ಭಾಷಣ ಶುರುಮಾಡಿದ. ಸಮುದ್ರವೂ ಮನಸ್ಸು ಮಾಡಿದರೆ ಸಾತ್ವಿಕವಾಗಬಲ್ಲದು ಎಂಬ ಕಡೆ ಬಂದಿದ್ದ. ಅಷ್ಟರಲ್ಲಿ ನೀಲಿ ಮೀನು, ಈಜುವ ತ್ರಾಣವಿಲ್ಲದೆ, ಎಲೆಯಂತೆ ತೇಲಿ ಹೂವಿನ ಮೇಲೆ ಬಿತ್ತು. ಹೂವು ಮುಚ್ಚಿಕೊಂಡಿತು.

"ಅಲ್ಲೋ," ಎಂದ ಕಾಕಾ, "ನಿನ್ನ ಹೂವ ಮೀನು ನುಂಗ್ಲತ್ತದಲ್ಲೋ."

"ಇಲ್ಲ ಕಾಕಾ, ಆಟ ಆಡ್ಲತ್ತಾವ."

"ಬಾಲ ಒಂದೇ ಹೊರಗ ಉಳದದ. ಭಾಳ ಚಂದ ಆಟ ನೋಡಪ್ಪ."

ಯಾರೋ ನಕ್ಕರು. ಅವ್ವ ನಗಲಿಲ್ಲ. "ಜೀವ ಹೋದ ಮನ್ಯಾಗ ಹ್ಯಾಂಗ ಉಣಬೇಕು?" ಎಂದಳು. ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿಯ ಬುಟ್ಟಿ ಹಿಡಿದು ವೈನಿ ನಿಂತಿದ್ದರು. ಫ್ರಿಜ್ಜನ್ನು ಕಾಯ್ದುಕೊಂಡವರಿಗೆ ಪಡಸಾಲೆ ಕೈಕೊಟ್ಟಿತ್ತು. ಇವರೆಲ್ಲ ಉಣ್ಣದೆ ಎದ್ದರೆ ನಾಳೆ ಕಮಲಾಪುರದ ಯಾವ ಮನೆಯಲ್ಲೂ ಮೀನು, ಹೂವು, ತೊಟ್ಟಿ ಎಂಬ ವಿವರ ಉಳಿಯುವುದಿಲ್ಲ. ಆ ಸೊಸೆಯ ಮನೆಯಲ್ಲಿ ಉಣ್ಣದೆ ಬಂದೆವು ಎಂಬುದಷ್ಟೇ ಉಳಿಯುತ್ತದೆ. ಅವರಿಗೆ ಅದು ಗೊತ್ತಿತ್ತು. ಅಣ್ಣ ಗಾಜಿಗೆ ಬೆರಳು ಬಡಿಯುತ್ತಿದ್ದ.

ಆಮೇಲೆ ನಡೆದದ್ದು ನ್ಯಾಯಪಂಚಾಯ್ತಿ. ಜೀವ ಹೋದದ್ದು ಪಡಸಾಲೆಯಲ್ಲಿ, ಅಡುಗೆಮನೆಯಲ್ಲಲ್ಲ ಎಂದು ಒಬ್ಬರು. ತಿಂದದ್ದು ಅದು, ನಾವಲ್ಲ ಎಂದು ಇನ್ನೊಬ್ಬರು. ಉಪ್ಪುನೀರಿನ ಪ್ರಾಣಿಗೆ ನಮ್ಮ ಮೈಲಿಗೆ ತಗಲುವುದಿಲ್ಲ ಎಂದೂ ಯಾರೋ ಅಂದರು. ಒಳಗಿನಿಂದ ಎಣ್ಣೆಗಾಯಿಯ ವಾಸನೆ ಬರುತ್ತಲೇ ಇತ್ತು. ಅದು ಬಂದಷ್ಟೂ ವಾದಗಳು ಒಂದೇ ಕಡೆ ವಾಲುತ್ತಾ ಹೋದವು.

"ಕಣ್ಣಿಗಿ ಕಾಣದಂಗ ಮಾಡ್ರಿ, ಮುಗೀತು," ಎಂದ ಕಾಕಾ.

ವೈನಿ ಒಳಗಿಂದ ಬೆಡ್‌ಶೀಟು ತಂದು ಸಮುದ್ರದ ಮೇಲೆ ಹೊದಿಸಿದರು. ನೀರಿಗೆ ಗಾಳಿ ಊದುವ ಮೋಟಾರಿನ ಗುರುಗುರು ಕೇಳಿಸುತ್ತದೆಂದು ಯಾರೋ ಅದನ್ನೂ ಆರಿಸಿದರು. ಎಲ್ಲರೂ ಉಂಡರು. ಏನು ಉಂಡರು ಅಂತೀರಿ! ಅವ್ವ ಆ ದಿನ ಉಪವಾಸ ಎದ್ದಳು ಎಂದು ಮನೆಯವರು ಹೇಳುವುದುಂಟು. ಶೇಂಗಾ ಹಿಂಡಿಗೆ ಎರಡನೆಯ ಸಲ ಚಾಚಿದ ಕೈ ನನ್ನ ಕಣ್ಣಮುಂದಿದೆ. ಅದು ಅವ್ವನದೇ ಎಂದು ಆಣೆ ಮಾಡಲಾರೆ. ಬಳೆ ಮಾತ್ರ ಅವಳದೇ.

ಅಂದಿನಿಂದ ಯಾರು ಬಂದರೂ ಬೆಡ್‌ಶೀಟು ಹೊದಿಸುವುದು, ಮೋಟಾರು ಆರಿಸುವುದು. ಯಾರಾದರೂ ಬರುತ್ತಲೇ ಇದ್ದರು. ಹವಳಕ್ಕೆ ಬೆಳಕು ಬೇಕೆಂದು ಬೀದಿಗೆಲ್ಲ ಪಾಠ ಹೇಳಿದವನಿಗೆ ಆ ಹೊದಿಕೆ ಎತ್ತುವ ಕೈ ಬರಲಿಲ್ಲ. ಎತ್ತಿದರೆ ಬಂದವರ ಮುಂದೆ ಹೇಳಲು ಅವನಲ್ಲಿ ಮಾತಿರಲಿಲ್ಲ, ಮಾತಿಲ್ಲದ ಮೇಲೆ ಸಮುದ್ರ ಯಾತಕ್ಕೆ? ಕೊನೆಗೆ ಜನ ಇಲ್ಲದಾಗಲೂ ಹೊದಿಕೆ ಹಾಗೇ ಉಳಿಯಿತು.

ವಾಸನೆ ಎದ್ದಿತು. ಪಾಲಕ್ ತಿಂದು ಸತ್ತ ಮೀನೂ ಮೀನಿನಂತೆಯೇ ನಾರುತ್ತದೆ. ಅದು ಪಡಸಾಲೆ ದಾಟಿ ಒಲೆಯ ತನಕ ಹೋಯಿತು. ರೋಜಾ ಓಣಿಯ ಅಂಗಡಿಯಿಂದ ಲೋಬಾನದ ಧೂಪ ತಂದು ಹಾಕಿದರೆ ಎರಡೂ ಸೇರಿ ಇನ್ನೊಂದು ವಾಸನೆಯಾಯಿತು. ತೊಟ್ಟಿ ಬರಿದು ಮಾಡಲೇಬೇಕಾಯಿತು.

"ಕೊರಳಾಗ ಲಿಂಗ ಅದ. ನಾ ಹ್ಯಾಂಗ ಮುಟ್ಲಿ?" ಎಂದ ಅಣ್ಣ.

"ನನ್ನ ಕೊರಳಾಗೇನು ಅದ ಮತ್ತ?" ಎಂದರು ವೈನಿ.

ಅವನು ಎದ್ದು ಅಂಗಳಕ್ಕೆ ಹೋದ. ವೈನಿ ಮೂಗಿಗೆ ಸೆರಗು ಕಟ್ಟಿಕೊಂಡು ಮೊಣಕೈ ತನಕ ಕೈ ಇಳಿಸಿ ಎಲ್ಲವನ್ನೂ ಬಾಚಿ ತೆಗೆದರು. ಹೂವು ಒದ್ದೆ ಚಿಂದಿಯಾಗಿತ್ತು. ನಾನು ಬಕೇಟು ಹೊತ್ತು ಚರಂಡಿಗೆ ಸುರಿದೆ.

ಆಮೇಲೆ ಅವರು ಅಡುಗೆ ಮಾಡಿದರು. ಅಣ್ಣ ತಾಟಿನ ಮುಂದೆ ಕೂತು ರೊಟ್ಟಿ ಮುಟ್ಟದೆ ಕೇಳಿದ:

"ಜಳಕ ಮಾಡೀದೇನು?"

"ಇಲ್ಲ," ಎಂದರು ವೈನಿ. ಅವರ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು; ನನಗೂ ಕಾಣುತ್ತಿತ್ತು, ಅವನಿಗೂ. "ಮಾಡಿಲ್ಲ. ಉಣ್ರಿ."

ಅಣ್ಣ ತಲೆ ತಗ್ಗಿಸಿ ರೊಟ್ಟಿ ಮುರಿದ. ವೈನಿ ಅಲ್ಲೇ ನಿಂತು, ಅವನು ನುಂಗುವ ತನಕ ನೋಡಿದರು.