ಒಂಬತ್ತು ಮನೆಯ ಹಿಡಿರಾಗಿ

ಸಾವಿರದ ಒಂಬೈನೂರ ಮೂವತ್ತನಾಲ್ಕನೆಯ ಇಸವಿಯ ಜೂನ್ ತಿಂಗಳಲ್ಲಿ ಹರದನಹಳ್ಳಿಯ ಶಾಲೆಗೆ ಹೊಸದಾಗಿ ಬಂದ ಷಡಕ್ಷರಿ ಮೇಷ್ಟರು, ಊರು ಸೇರಿದ ಮಾರನೆಯ ಬೆಳಿಗ್ಗೆ, ಒಂದು ಹೆಂಚಿನ ಚೂರು ಹಿಡಿದುಕೊಂಡು ಗುರುಸಿದ್ದಮ್ಮನವರ ಬಾಗಿಲಲ್ಲಿ ನಿಂತರು. ಆ ಬೀದಿಯಲ್ಲಿ ದಿನಕ್ಕೊಂದು ಮನೆಯವರು ಮಾತ್ರ ಕಡ್ಡಿ ಗೀರಿ ಒಲೆ ಹಚ್ಚುವುದು, ಮಿಕ್ಕವರೆಲ್ಲ ಅಲ್ಲಿಂದ ಕೆಂಡ ತರುವುದು ವಾಡಿಕೆ ಎಂದು ಮೇಷ್ಟರ ಹೆಂಡತಿ ಜಯಲಕ್ಷ್ಮಮ್ಮ ಬಾವಿಕಟ್ಟೆಯಲ್ಲಿ ಕೇಳಿ ಬಂದಿದ್ದರು.

ಗುರುಸಿದ್ದಮ್ಮ ಕೆಂಡ ಕೊಡುವುದಕ್ಕೆ ಮೊದಲು ಮೇಷ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಂಗಿಯ ಜೇಬು ಚೌಕವಾಗಿ ಉಬ್ಬಿತ್ತು.

"ಜೇಬ್ನಾಗೇನ್ ಸಾ ಅದು?"

"ಕಡ್ಡಿಪೆಟ್ಟಿಗೆ, ಅಮ್ಮ."

"ಕಡ್ಡಿಪೆಟ್ಗೆ ಮಡೀಕಂಡು ಕೆಂಡ ಕೇಳಕ್ ಬಂದಿದ್ದೀರಾ? ಬೆಂಕಿ ಬೇಕಾಗಿ ಬಂದ್ರೋ, ನಮ್ಮನೇಲಿ ಏನೈತೆ ಅಂತ ನೋಡಕ್ ಬಂದ್ರೋ?"

"ಒಂದು ಕಡ್ಡಿ ಉಳಿಯಲಿ ಅಂತ..."

"ಉಳ್ಸೋರ್ ಹಂಗೆ ಕಾಣಲ್ಲ ಬುಡಿ. ತಲೇಗ್ ಆಕಿರೋ ಎಣ್ಣೇಲಿ ಒಂದ್ ಹೊತ್ತಿನ ಒಗ್ಗರಣೆ ಆಗ್ತಿತ್ತು."

ಕೊನೆಗೆ ಎರಡು ಕೆಂಡ ಕೊಟ್ಟರು. ಕೊಟ್ಟು ಸುಮ್ಮನಾಗಲಿಲ್ಲ, ಮೇಷ್ಟರ ಮನೆಯ ಹೆಂಚುಗಳ ನಡುವಿನಿಂದ ಹೊಗೆ ಏಳುವವರೆಗೆ ಜಗಲಿಯ ಮೇಲೆ ನಿಂತೇ ಇದ್ದರು. ಕೊಟ್ಟ ಕೆಂಡ ಒಲೆಗೇ ಹೋಯಿತೆಂದು ಖಾತರಿಯಾದ ಮೇಲೆ ಒಳಗೆ ಹೋದರು.

ಗುರುಸಿದ್ದಮ್ಮನವರಿಗೆ ಆಗ ನಲವತ್ತರ ಆಚೀಚೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದ ಒಬ್ಬಳು ಮಗಳು ಸುವರ್ಣಮ್ಮನನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದರು. ಒಂದೂವರೆ ಎಕರೆ ಹೊಲವನ್ನು ವಾರಕ್ಕೆ ಕೊಟ್ಟು, ಬಂದ ಪಾಲಿನಲ್ಲಿ ಒಂಟಿಯಾಗಿ ಬದುಕುತ್ತಿದ್ದರು. ಹಳೆಯ ಸೀರೆಯ ಅಂಚಿನಿಂದ ನೂಲು ಬಿಡಿಸಿಟ್ಟುಕೊಂಡು ಕುಪ್ಪಸ ಹೊಲಿಯುವರು. ಹುಣಿಸೆ ಬೀಜವನ್ನು ಹುರಿದು ನೆನೆಸಿ ಎಮ್ಮೆಗೆ ಇಡುವರು. ಸವೆದ ಪೊರಕೆಯ ಮೋಟು ಅವರ ಮನೆಯಲ್ಲಿ ಇನ್ನೂ ಎರಡು ವರ್ಷ ಬಾನಿ ಉಜ್ಜಬೇಕು. ಅನುಮಾನವೂ ಅಷ್ಟೇ, ಚೂರೂ ಪೋಲಾಗದಂತೆ ಎಲ್ಲರ ಮೇಲೂ ಹರಡಿದ್ದರು. ಎರವಲು ಕೊಟ್ಟ ಒನಕೆ ವಾಪಸು ಬಂದರೆ ಅದರ ಕಬ್ಬಿಣದ ಬಳೆಯನ್ನು ಅಲ್ಲಾಡಿಸಿ ನೋಡುವರು. ಬಂದ ಮಜ್ಜಿಗೆಯನ್ನು ಮೂಸಿ, "ಬಾವಿ ನೀರೋ ಕೆರೆ ನೀರೋ?" ಎಂದು ಕೇಳುವರು.

ಇಂಥವರ ಮನೆಯಲ್ಲಿಯೇ ಬೀದಿಯ ಗುಡಾಣ ಇತ್ತು.

ಆ ಬೀದಿಯಲ್ಲಿ ಒಂಬತ್ತು ಮನೆ. ದಿನವೂ ಬೀಸುವ ಕಲ್ಲಿಗೆ ರಾಗಿ ಹಾಕುವ ಮೊದಲು ಪ್ರತಿ ಮನೆಯವರೂ ಒಂದು ಹಿಡಿಯನ್ನು ಕುಡಿಕೆಯಲ್ಲಿ ತೆಗೆದಿಡುವರು. ಸೋಮವಾರ ಹೆಂಗಸರೆಲ್ಲ ಕುಡಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಗುರುಸಿದ್ದಮ್ಮನವರ ಕತ್ತಲೆಯ ನಡುಮನೆಯಲ್ಲಿದ್ದ ಎದೆಯೆತ್ತರದ ಆ ಮಣ್ಣಿನ ಗುಡಾಣಕ್ಕೆ ಒಬ್ಬೊಬ್ಬರಾಗಿ ಸುರಿಯುವರು. ಯಾರ ಕುಡಿಕೆಯಲ್ಲಿ ಎಷ್ಟಿದೆಯೆಂದು ಯಾರೂ ನೋಡಕೂಡದು. ಮನೆಯಲ್ಲಿ ಬಾಣಂತನವೋ, ಜಡ್ಡೋ, ಇಲ್ಲದ ದಿನವೋ ಬಂದರೆ, ಆ ಮನೆಯಾಕೆ ಬಂದು ಬೇಕಾದಷ್ಟು ತುಂಬಿಕೊಂಡು ಹೋಗಬಹುದು. ಏಕೆ ಎಂದು ಕೇಳುವಂತಿಲ್ಲ. ಬೀದಿಯಲ್ಲಿ ಲಿಂಗಾಯಿತರ ಮನೆಗಳೂ ಇದ್ದವು, ಒಕ್ಕಲಿಗರ ಮನೆಗಳೂ ಇದ್ದವು. ಬೇಯಿಸಿದ್ದಕ್ಕೆ ಜಾತಿ ನೋಡುವವರು ಕಾಳಿಗೆ ನೋಡುತ್ತಿರಲಿಲ್ಲ. ಜಯಲಕ್ಷ್ಮಮ್ಮನವರೂ ಬಂದ ತಿಂಗಳೊಳಗೆ ಒಂದು ಕುಡಿಕೆ ಕೊಂಡರು.

ಗುಡಾಣ ಅವರ ಮನೆಯಲ್ಲೇ ಏಕೆ ಎಂದು ಮೇಷ್ಟರು ಒಮ್ಮೆ ಎದುರುಮನೆಯ ನೀಲಗಂಗಮ್ಮನವರನ್ನು ಕೇಳಿದ್ದುಂಟು. ಆಕೆ ನಕ್ಕು, "ಇನ್ಯಾರ ಮನೇಲಿ ಮಡಗಾನಾ ಸಾ? ಅವ್ಳ ಕಣ್ ತಪ್ಸಿ ಇರುವೆನೂ ಒಂದ್ ಕಾಳ್ ಒಯ್ಯಕಿಲ್ಲ" ಎಂದಿದ್ದರು.

ಅದು ನಿಜವೇ. ಸೋಮವಾರ ಎಲ್ಲರೂ ಹೋದ ಮೇಲೆ ಗುರುಸಿದ್ದಮ್ಮ ರಾಗಿಯನ್ನು ಅಂಗೈಯಿಂದ ಸಮಮಾಡಿ, ಕಣದಲ್ಲಿ ರಾಶಿಗೆ ಬೂದಿಯ ಗುರುತು ಹಾಕುವ ಹಾಗೆ, ಅದರ ಮಟ್ಟಕ್ಕೆ ಗುಡಾಣದ ಒಳಮೈಯಲ್ಲಿ ವಿಭೂತಿಯಿಂದ ಮೂರು ಗೆರೆ ಎಳೆಯುವರು. ಮುಂದಿನ ವಾರಕ್ಕೆ ಗೆರೆ ಮೇಲೆ ಉಳಿದು ರಾಗಿ ಕೆಳಗೆ ಇಳಿದಿದ್ದರೆ ಯಾರೋ ಒಯ್ದಿದ್ದಾರೆಂದು ಅರ್ಥ. ಯಾರೆಂಬುದು ಅವರಿಗೆ ಗೊತ್ತು. ಆದರೆ ಬೀದಿಯ ಎಲ್ಲರನ್ನೂ ಬಾಯಿತುಂಬ ಅನುಮಾನಿಸುತ್ತಿದ್ದ ಆಕೆ ಆ ಒಂದು ವಿಷಯದಲ್ಲಿ ಮಾತ್ರ ಬಾಯಿ ಬಿಟ್ಟವರಲ್ಲ.

ಹೀಗೆ ಹತ್ತು ವರ್ಷ ನಡೆಯಿತು. ಆಮೇಲೆ ಯುದ್ಧದ ಬಿಸಿ ಹಳ್ಳಿಯ ಒಲೆಗೂ ತಾಕಿತು. ಸೀಮೆಎಣ್ಣೆ ಇಲ್ಲ, ಕಡ್ಡಿಪೆಟ್ಟಿಗೆ ಇಲ್ಲ. ಹೊಳೆನರಸೀಪುರದ ಸಂತೆಯಲ್ಲಿ ರಾಗಿ ಕಣ್ಣಿಗೆ ಬೀಳುವುದೇ ಕಷ್ಟ. ಮನೆಯ ತಲೆ ಎಣಿಸಿ ಅಷ್ಟಕ್ಕೆ ಬೇಕಾದುದನ್ನು ಬಿಟ್ಟು ಮಿಕ್ಕ ಧಾನ್ಯವನ್ನು ಲೆವಿಗೆ ಅಳೆಯಬೇಕೆಂದು ಸರ್ಕಾರದ ಆಜ್ಞೆಯಾಯಿತು. ಬಚ್ಚಿಟ್ಟವರ ಧಾನ್ಯ ಜಫ್ತಿ, ಮೇಲೆ ಮೊಕದ್ದಮೆ.

ಆ ಚಳಿಗಾಲದಲ್ಲಿ ಗುಡಾಣ ಬರಿದಾಗುವುದೆಂದು ಗುರುಸಿದ್ದಮ್ಮ ಎದೆ ಗಟ್ಟಿಮಾಡಿಕೊಂಡಿದ್ದರು. ಆದದ್ದು ಬೇರೆ. ಒಂದು ಸೋಮವಾರ ನೋಡಿದರೆ ಹಿಂದಿನ ವಾರದ ಗೆರೆ ಕಾಣಿಸಲಿಲ್ಲ. ಕೈ ಹಾಕಿ ರಾಗಿಯನ್ನು ಸರಿಸಿದರೆ ಅದು ಏಳೆಂಟು ಬೆರಳು ಆಳದಲ್ಲಿ ಹೂತುಹೋಗಿತ್ತು. ಒಂದು ವಾರಕ್ಕೆ ನಾಲ್ಕು ಬೆರಳು ಏರುವುದೇ ಹೆಚ್ಚು. ಮುಂದಿನ ವಾರವೂ ಹಾಗೆಯೇ. ಅದರ ಮುಂದಿನ ವಾರವೂ ಹಾಗೆಯೇ. ಯಾರೂ ಒಯ್ಯುತ್ತಿಲ್ಲ, ಯಾರೋ ತುಂಬುತ್ತಿದ್ದಾರೆ.

ಕಡಮೆಯಾಗಿದ್ದರೆ ಅವರಿಗೆ ನಿದ್ದೆ ಬರುತ್ತಿತ್ತು. ಹೆಚ್ಚಾದದ್ದಕ್ಕೆ ಏನೆನ್ನುವುದು? ಅವರ ಮನೆಯಲ್ಲಿ ಇದ್ದದ್ದು ಒಂದೇ ಹೊಟ್ಟೆ. ಒಂದು ಹೊಟ್ಟೆಯ ಮನೆಯಲ್ಲಿ ಎದೆಮಟ್ಟ ರಾಗಿ ಸಿಕ್ಕಿದರೆ, ಇದು ಬೀದಿಯವರ ಹಿಡಿರಾಗಿ ಎಂದು ಹೇಳಿದರೆ ಯಾವ ಅಧಿಕಾರಿ ನಂಬಿಯಾನು? ತಾವಾದರೂ ನಂಬುತ್ತಿದ್ದರೇ? ರಾಗಿಯೂ ಹೋಗುತ್ತದೆ, ಮಾನವೂ ಹೋಗುತ್ತದೆ. ಬೇಸಗೆಯಲ್ಲಿ ಬೀದಿಯ ಮಕ್ಕಳು ಏನು ತಿನ್ನಬೇಕು? ಬೇಕೆಂದೇ ಯಾರೋ ತಮ್ಮ ಮನೆಯಲ್ಲಿ ರಾಶಿ ಹಾಕಿ ಹಿಡಿದುಕೊಡಲು ಹೊಂಚುತ್ತಿದ್ದಾರೆಂದು ಅವರಿಗೆ ತೋರಿತು.

ಒಂದು ಮೊರ ರಾಗಿ ತೋಡಿ ಬಿಸಿಲಿಗೆ ತಂದು ಕುಳಿತರು. ಒಂಬತ್ತು ಮನೆಯ ರಾಗಿಯೂ ಅವರಿಗೆ ಮುಖ ನೋಡಿದಷ್ಟು ಪರಿಚಿತ. ಲಕ್ಕಮ್ಮನ ಮನೆಯದು ಸಣ್ಣ ಕಾಳು, ಹೊಟ್ಟು ಜಾಸ್ತಿ. ಮೇಷ್ಟರ ಮನೆಯದು ಅಂಗಡಿಯದು, ಕಲ್ಲು ಇರುತ್ತದೆ. ನೀಲಗಂಗಮ್ಮನದು ಕಪ್ಪುಛಾಯೆಯ ಕಾಳು. ನೆಲದೊಳಗಿನ ಹಗೇವಿನಲ್ಲಿ ಇಟ್ಟದ್ದರಿಂದ ಅದಕ್ಕೆ ಮಣ್ಣಿನ ಕಮಟು ವಾಸನೆ. ಆ ಕಪ್ಪುಕಾಳು ಮೊರದಲ್ಲಿ ಎದ್ದು ಕಾಣುತ್ತಿತ್ತು. ನೀಲಗಂಗಮ್ಮನ ಅಣ್ಣ ಪಾಲಾಕ್ಷ ದಿನಾ ಶಾನುಭೋಗರ ಜಗಲಿಯಲ್ಲಿ ಎಲೆಅಡಿಕೆ ಹಾಕುವವನು. ಇನ್ನೇನು ಬೇಕು?

ಮುಂದಿನ ಸೋಮವಾರ ಬೆಳಿಗ್ಗೆ ಷಡಕ್ಷರಿ ಮೇಷ್ಟರು ಶಾಲೆಗೆ ಹೋಗುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ಅಮ್ಮ, ನಾಳೆ ಲೆವಿ ಲೆಕ್ಕಕ್ಕೆ ಶೇಕದಾರರು ಬರುತ್ತಾರಂತೆ. ಮನೆಮನೆಯೂ ನೋಡುತ್ತಾರಂತೆ."

"ನಂಗ್ಯಾಕ್ ಹೇಳ್ತೀರಿ? ನಮ್ಮನೇಲೇನೈತೆ ನೋಡಕೆ?"

"ಏನೂ ಇಲ್ಲ. ಸುಮ್ಮನೆ ಹೇಳಿದೆ."

"ಸುಮ್ಕೆ ಯಾರೂ ಏನೂ ಹೇಳಾಕಿಲ್ಲ ಸಾ" ಎಂದು ಗುರುಸಿದ್ದಮ್ಮ ಬಾಗಿಲು ಮುಂದೆ ಮಾಡಿದರು. ಮೇಷ್ಟರೂ ಅವರ ಪಟ್ಟಿಗೆ ಸೇರಿದರು.

ಮಧ್ಯಾಹ್ನ ಎಂಟು ಮನೆಯ ಹೆಂಗಸರೂ ಕುಡಿಕೆ ಹಿಡಿದು ಬಂದರು. ಕೊನೆಯವಳು ಒಳಗೆ ಬಂದದ್ದೇ ಗುರುಸಿದ್ದಮ್ಮ ಅಗುಳಿ ಹಾಕಿದರು.

"ಯಾಕಕ್ಕ, ಆಡ್ಹಗಲಲ್ಲಿ ಅಗುಳಿ?" ಎಂದರು ನೀಲಗಂಗಮ್ಮ.

"ನಿನ್ ಕುಡಿಕೆ ಕೊಡಿಲ್ಲಿ."

ಅದು ಎಂದೂ ಇಲ್ಲದ ಮಾತು. ನೀಲಗಂಗಮ್ಮ ಕುಡಿಕೆಯನ್ನು ಎದೆಗೆ ಒತ್ತಿಕೊಂಡರು. ಗುರುಸಿದ್ದಮ್ಮ ಕಿತ್ತುಕೊಂಡು ಮೊರಕ್ಕೆ ಸುರಿದರು. ಹಿಡಿಹಿಡಿಯಾಗಿ ಎತ್ತಿ ಹಾಕಿದರು.

"ವಾರಕ್ಕೆ ಏಳ್ ಹಿಡಿ. ಇಲ್ಲಿ ಹದಿನಾಲ್ಕೈತೆ. ನನ್ ಮನೇಲಿ ರಾಶಿ ಆಕಿ ಶೇಕದಾರ್ರಿಗೆ ತೋರ್ಸ್ಬೇಕು ಅಂತೇನೇ? ನಿಮ್ಮಣ್ಣ ಶಾನುಭೋಗ್ರ ಜಗಲಿ ಬುಟ್ಟೇಳಾಕಿಲ್ಲ ಅನ್ನೋದು ನಂಗೊತ್ತಿಲ್ಲ ಅನ್ಕಂಡಿದ್ದೀಯಾ?"

"ನಿನ್ ಬಾಯ್ಗೆ ಬೂದಿ ಬೀಳ!" ನೀಲಗಂಗಮ್ಮ ಕೂಗಿದರು. "ಲಕ್ಕಮ್ಮನ ಮನೇದೂ ಸೇರ್ಸಿ ತಂದಿವ್ನಿ ಕಣೇ! ಕೆಂಪಣ್ಣ ಗಾಡಿಯಿಂದ ಬಿದ್ದು ಕಾಲ್ ಮುರ್ಕಂಡು ಮಲಗವ್ನೆ. ಅವ್ಳೆಲ್ಲಿಂದ ಹಿಡಿ ರಾಗಿ ತತ್ತಾಳೆ? ಬರೀ ಕುಡಿಕೆ ಆಡ್ಸ್ಕಂಡು ಓಗ್ತಾಳೆ ಪಾಪ ಅಂತ..."

"ಯಾರವ್ವ ಬರೀ ಕುಡಿಕೆ ಆಡ್ಸೋರು?" ಲಕ್ಕಮ್ಮ ಮುಂದೆ ನುಗ್ಗಿದಳು. "ನನ್ ಗಂಡನ್ ಕಾಲ್ ಮುರೀತು, ನನ್ ಕೈ ಮುರೀಲಿಲ್ಲ! ವಾರವಾರ ನಂದೂ ತಂದಿವ್ನಿ, ಮೇಷ್ಟ್ರಮ್ಮೋರ್ದೂ ಸೇರ್ಸಿ ತಂದಿವ್ನಿ. ಒಲ ಇಲ್ಲ ಮನೆ ಇಲ್ಲ, ಕೊಂಡ್ ತಿನ್ನೋರು, ಅವ್ರೆಲ್ಲಿ ಆಕಾರು ಅಂತ."

ಜಯಲಕ್ಷ್ಮಮ್ಮನವರ ಮುಖ ಕೆಂಪಾಯಿತು. "ನಾನೂ ಎರಡು ಪಾಲು ಹಾಕ್ತಿದ್ದೆ" ಎಂದರು ತಗ್ಗಿದ ದನಿಯಲ್ಲಿ. "ನೀಲಗಂಗಮ್ಮನವರ ಮನೆಯಲ್ಲಿ ನೆಂಟರು ಬಂದು ಎರಡು ತಿಂಗಳಾಯ್ತಲ್ಲ, ಅವರಿಗೆ ಎಲ್ಲಿ ಸಾಲುತ್ತೆ ಅಂತ..."

ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಿಕ್ಕವರು ತಲೆ ತಗ್ಗಿಸಿದ್ದು ನೋಡಿದರೆ ಎಲ್ಲರದೂ ಅದೇ ಕಥೆ. ತನಗಿಂತ ಪಕ್ಕದವಳಿಗೆ ಕಷ್ಟವೆಂದು ಪ್ರತಿಯೊಬ್ಬಳೂ ತನ್ನ ಊಟದಲ್ಲಿ ಇನ್ನೊಂದು ಹಿಡಿ ಕಡಮೆ ಮಾಡಿಕೊಂಡಿದ್ದಳು. ಅವರಿಗಿರಲಿ ಎಂದು ಗುಡಾಣಕ್ಕೆ ಕೈಯನ್ನೂ ಹಾಕಿರಲಿಲ್ಲ. ನಗೆ ಬೇಗ ಆರಿತು. ತಮ್ಮ ಮನೆಯನ್ನು ಇಲ್ಲದವರ ಮನೆಯೆಂದು ಪಕ್ಕದವಳು ಎಣಿಸಿದ್ದಳಲ್ಲಾ ಎಂಬುದು ಒಬ್ಬೊಬ್ಬರನ್ನೂ ಚುಚ್ಚುತ್ತಿತ್ತು. ಲಕ್ಕಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಗುರುಸಿದ್ದಮ್ಮನವರಿಗೆ ಚುಚ್ಚಿದ್ದು ಬೇರೆ. ಒಂಬತ್ತು ಮನೆಯಲ್ಲಿ ಒಂದು ಹಿಡಿಯನ್ನೂ ಹೆಚ್ಚು ಹಾಕದವಳು ತಾನೊಬ್ಬಳೇ! ಅಷ್ಟು ದಿನ ಕಾಳು ಮೂಸಿದರು, ಗೆರೆ ನೋಡಿದರು. ಯಾರ ಒಲೆ ಉರಿಯುತ್ತಿಲ್ಲವೆಂದು ಮಾತ್ರ ನೋಡಲಿಲ್ಲ.

ಅವರು ಮೊರ ಕೆಳಗಿಟ್ಟರು. "ಆಗಿದ್ದಾಯ್ತು. ನಾಳೀಕೆ ಇದು ಇಲ್ಲಿದ್ರೆ ಯಾರಿಗೂ ದಕ್ಕಾಕಿಲ್ಲ. ಎಲ್ಲಾರೂ ತುಂಬ್ಕಳಿ."

ಯಾರೂ ಅಲುಗಲಿಲ್ಲ. ಈಗ ಮುಂದೆ ಬಂದವಳೇ ಇಲ್ಲದವಳು!

"ಸಮವಾಗಿ ಹಂಚಿಬಿಡೋಣವೇ?" ಎಂದರು ಜಯಲಕ್ಷ್ಮಮ್ಮ.

"ಸಮ ಅಂದ್ರೆ ಅಸ್ದಿರೋಳ್ಗೆ ಕಮ್ಮಿ ಆಯ್ತದೆ ಕಣವ್ವ." ಗುರುಸಿದ್ದಮ್ಮ ಮೂಲೆಯ ಮೊರ, ಮಂಕರಿಗಳನ್ನೆಲ್ಲ ತಂದು ಗುಡಾಣದ ಬುಡದಲ್ಲಿ ಹಾಕಿದರು. "ಒಬ್ಬೊಬ್ಬರೇ ಒಳೀಕ್ ಬನ್ನಿ. ಮಿಕ್ಕೋರು ಮುಂಬಾಗ್ಲ ತಾವ ಇರಿ. ಎಷ್ಟ್ ಬೇಕೋ ತುಂಬ್ಕಂಡು ಹಿತ್ಲು ಬಾಗ್ಲಲ್ಲೇ ಮನೀಗ್ ಓಗಿ. ನಾನ್ ನೋಡಾಕಿಲ್ಲ."

"ನೀನಾ?" ಎಂದರು ನೀಲಗಂಗಮ್ಮ. ಕೋಪದಲ್ಲಿಯೂ ಆಕೆಗೆ ನಗು ತಡೆಯಲಾಗಲಿಲ್ಲ.

ಗುರುಸಿದ್ದಮ್ಮ ಗೋಡೆಯ ಕಡೆ ತಿರುಗಿ ಕುಳಿತರು. ಬಳೆಯ ಸದ್ದಿನಿಂದಲೇ ಯಾರೆಂದು ಗುರುತಿಸಬಲ್ಲ ಕಿವಿ ಅವರದು. ಆದ್ದರಿಂದ ಗಟ್ಟಿಯಾಗಿ ಶಿವನಾಮ ಹೇಳಲು ಹಿಡಿದರು. ಬೆನ್ನ ಹಿಂದೆ ರಾಗಿ ಸುರಿಯುತ್ತಿತ್ತು. ಮೊರ ಗುಡಾಣದ ಬಾಯಿಗೆ ತಾಕುತ್ತಿತ್ತು. ಒಮ್ಮೆ ಬಹಳ ಹೊತ್ತು ಸುರಿಯಿತು. ಕುತ್ತಿಗೆ ತಾನಾಗಿ ತಿರುಗಬಂದಾಗ ಗೋಡೆಯ ಗೂಡನ್ನು ಎರಡು ಕೈಯಲ್ಲೂ ಹಿಡಿದುಕೊಂಡು ದನಿ ಏರಿಸಿದರು. ಸದ್ದೆಲ್ಲ ನಿಂತ ಮೇಲೂ ಬಹಳ ಹೊತ್ತು ತಿರುಗಲಿಲ್ಲ.

ಮಾರನೆಯ ದಿನ ಶೇಕದಾರರು ಬಂದು ಗುಡಾಣಕ್ಕೆ ಬಗ್ಗಿ ನೋಡಿದರು. ತಳದಲ್ಲಿ ಒಂದು ಜೀವಕ್ಕೆ ತಿಂಗಳು ಸಾಲುವಷ್ಟು ರಾಗಿ ಇತ್ತು. "ಇಷ್ಟೇ ಏನಮ್ಮ?" ಎಂದು ಕೇಳಿ ಹೊರಟುಹೋದರು. ಉಳಿದ ಎಂಟು ಮನೆಗಳಲ್ಲಿ ತಲೆಗಳು ಹೆಚ್ಚು, ರಾಗಿ ಕಡಮೆ. ಅಲ್ಲಿ ಅಳೆಯುವಂಥದು ಏನೂ ಇರಲಿಲ್ಲ.

ಆ ತಳದ ರಾಗಿ ಅವರನ್ನು ವರ್ಷವೆಲ್ಲ ಕಾಡಿತು. "ಇಷ್ಟ್ ಉಳೀತು ಅಂದ್ರೆ ಯಾವಳೋ ಒಬ್ಳು ತಗಂಡೇ ಇಲ್ಲ ಸಾ. ಯಾರಿರ್ಬೌದು?" ಎಂದು ಮೇಷ್ಟರನ್ನು ಕೇಳುವರು. ಮುಂದಿನ ಸೋಮವಾರ ಮತ್ತೆ ಮೂರು ಗೆರೆ ಎಳೆದರು. ಹುಟ್ಟುಗುಣ ಎಲ್ಲಿ ಹೋದೀತು? ಆದರೆ ಅಂದಿನಿಂದ ಅವರ ಕುಡಿಕೆಯಲ್ಲಿಯೂ ಹದಿನಾಲ್ಕು ಹಿಡಿ ಇರುತ್ತಿತ್ತು. ಒಪ್ಪತ್ತು ಊಟ ಹೊಟ್ಟೆಗೆ ಹಿತ ಎಂದು ಯಾರೂ ಕೇಳದೆಯೇ ಹೇಳಿಕೊಂಡು ತಿರುಗುತ್ತಿದ್ದರು.

ನಲವತ್ತೇಳನೆಯ ಇಸವಿಯಲ್ಲಿ ಮಗಳು ಸುವರ್ಣಮ್ಮನಿಗೆ ಮೈ ಸರಿಯಿಲ್ಲವೆಂದು ಚನ್ನರಾಯಪಟ್ಟಣಕ್ಕೆ ಹೋದವರು ಅಲ್ಲಿಯೇ ನಿಂತರು. ಹೋಗುವ ಮುನ್ನ ಗುಡಾಣವನ್ನು ತಾವೇ ಮುಂದೆ ನಿಂತು ನೀಲಗಂಗಮ್ಮನವರ ನಡುಮನೆಗೆ ಉರುಳಿಸಿದರು.

ಈಗ, ಈ ನಲವತ್ತೊಂಬತ್ತರಲ್ಲಿ, ಅವರು ಮಗಳ ಬೀದಿಯಲ್ಲಿ ಮನೆಮನೆ ಹತ್ತಿ ಇಳಿಯುತ್ತಿದ್ದಾರೆ. ಪೇಟೆಯ ಹೆಂಗಸರಿಗೆ ಹಿಡಿ ತೆಗೆದಿಡುವ ಮಾತು ಹೇಳಿದರೆ, ಈ ಮುದುಕಿಗೆ ಇದರಲ್ಲಿ ಏನು ಗಿಟ್ಟುತ್ತದೆ ಎಂದು ಬಾಗಿಲು ಸಂದಿನಿಂದ ನೋಡುತ್ತಾರಂತೆ. ಆದರೂ ನಾಲ್ಕು ಮನೆ ಸೇರಿವೆ. ಐದನೆಯ ಮನೆಯ ಕಮಲಾಕ್ಷಮ್ಮ ಇನ್ನೂ ಒಪ್ಪಿಲ್ಲ. ಆಕೆಗೆ ನಾಲ್ಕು ಸಣ್ಣ ಮಕ್ಕಳು, ಮನೆಯಲ್ಲಿ ಇನ್ನೊಂದು ಕೈಯಿಲ್ಲ. ಗುರುಸಿದ್ದಮ್ಮ ದಿನವೂ ಬೆಳಿಗ್ಗೆ ಆಕೆಯ ಜಗಲಿಯ ಮೇಲೆ ಕುಳಿತು, ಗುಡಾಣದ ಮಾತೆತ್ತದೆ, ರೇಷನ್ ಡಿಪೋ ಅಕ್ಕಿಯ ಕಲ್ಲು ಆರಿಸಿಕೊಡುತ್ತಿದ್ದಾರೆ.