ಘೇಂಡಾಮೃಗವನ್ನು ಉಗುಳಿದ ಪೆಟ್ಟಿಗೆ

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬೀಗ, ಛತ್ರಿ ರಿಪೇರಿ ಮಾಡುತ್ತಿದ್ದ ಕಮಾಲುದ್ದೀನ್ ಸಾಬರಿಗೆ ಈ ಲೋಕದಲ್ಲಿ ಇದ್ದದ್ದು ಎರಡೇ ಶತ್ರುಗಳು. ಒಬ್ಬ ಗ್ಯಾರೇಜಿನ ಮಾರಪ್ಪ. ಇನ್ನೊಂದು ಭಾರತ ಸರ್ಕಾರ. ಮಾರಪ್ಪನಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ಸರ್ಕಾರಕ್ಕೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಸಾಬರು ತೆಳ್ಳಗೆ, ಉದ್ದಕ್ಕೆ, ಮಡಿಸಿಟ್ಟ ಛತ್ರಿಯ ಹಾಗೆ ಇದ್ದರು. ಮಾತಿಗೆ ನಿಂತರೆ ಬಿಚ್ಚಿದ ಛತ್ರಿ. ಹತ್ತಿರ ಇದ್ದವರು ತಮ್ಮ ಕಣ್ಣು ತಾವೇ ಕಾಪಾಡಿಕೊಳ್ಳಬೇಕು. ತಾಲ್ಲೂಕಿನಲ್ಲಿ ತಾನು ತೆಗೆಯಲಾರದ ಬೀಗವಿಲ್ಲ, ತಾನು ಹಾಕಿದ ಬೀಗವನ್ನು ತೆಗೆಯಬಲ್ಲ ಗಂಡಸು ಇನ್ನೂ ಹುಟ್ಟಿಲ್ಲ ಎಂಬ ಎರಡು ಮಾತುಗಳನ್ನು ಆಡದೆ ಅವರು ಯಾವತ್ತೂ ಅಂಗಡಿ ಮುಚ್ಚಿದವರಲ್ಲ. ಎರಡೂ ನಿಜವಾದರೆ ನೀವೇ ಹಾಕಿದ ಬೀಗದ ಎದುರು ನಿಮ್ಮ ಗತಿ ಏನು ಎಂದು ಹೆಂಡತಿ ತಾಹೇರಾ ಒಮ್ಮೆ ಕೇಳಿದ್ದರು. ಸಾಬರು ಸ್ವಲ್ಪ ಹೊತ್ತು ಯೋಚಿಸಿ, "ಅದು ಮಹಾಯುದ್ಧ" ಎಂದಿದ್ದರು.

ಎಂಬತ್ತನಾಲ್ಕನೇ ಇಸವಿಯಲ್ಲಿ ನೆಂಟರ ಮದುವೆಗೆಂದು ಶಿವಮೊಗ್ಗಕ್ಕೆ ಹೋದಾಗ ಸಾಬರು ರೈಲ್ವೆ ಸ್ಟೇಷನ್ನಿನಲ್ಲಿ ತೂಕದ ಯಂತ್ರವನ್ನು ಕಂಡರು. ಕಾಸು ಹಾಕಿದರೆ ಗಡಗಡ ಎಂದು, ತೂಕವನ್ನೂ ಭವಿಷ್ಯವನ್ನೂ ಅಚ್ಚು ಹಾಕಿದ ಚೀಟಿಯನ್ನು ಕೈಗೆ ಕೊಡುವ ಯಂತ್ರ. ಸಾಬರಿಗೆ ಎರಡೂ ಬೇಕಿರಲಿಲ್ಲ. ಯಂತ್ರದ ಹೊಟ್ಟೆಗೆ ಕಿವಿ ಹಚ್ಚಿ, ಜೇಬಿನ ಚಿಲ್ಲರೆ ಮುಗಿಯುವ ತನಕ ಕಾಸು ಹಾಕುತ್ತ, ಅದು ಒಳಗೆ ಎಲ್ಲಿ ಉರುಳುತ್ತದೆ, ಎಲ್ಲಿ ಜಾರುತ್ತದೆ, ಯಾವ ಸನ್ನೆಕೋಲನ್ನು ಒದೆಯುತ್ತದೆ ಎಂದು ಕೇಳಿಸಿಕೊಂಡರು. ಮದುವೆ ಊಟ ತಪ್ಪಿತು. ದೂರಪ್ರಯಾಣದ ಯೋಗವಿದೆ ಎಂದು ಸಾರುವ ಚೀಟಿಗಳು ಜೇಬಿನ ತುಂಬ ಇದ್ದರೂ ಕೊಪ್ಪಕ್ಕೆ ಮರಳುವ ಬಸ್‌ಚಾರ್ಜಿಗೆ ಮದುಮಗನ ಅಪ್ಪನನ್ನೇ ಹಿಡಿಯಬೇಕಾಯಿತು.

ಆಮೇಲೆ ಮಳೆಗಾಲವಿಡೀ ಊರಿನ ಛತ್ರಿಗಳು ಸೋರಿದವು, ಸಾಬರು ತಲೆಯೆತ್ತಲಿಲ್ಲ. ಹಳೇ ಟ್ರಂಕಿನ ತಗಡು, ತಲೆಕೆಳಗು ಮಾಡಿದ ಪೆಪ್ಪರ್‌ಮಿಂಟು ಬಾಟಲಿ, ಸತ್ತ ಹೊಲಿಗೆಯಂತ್ರದ ಹಿಡಿ, ಇಷ್ಟು ಸೇರಿ ಒಂದು ಪೆಟ್ಟಿಗೆಯಾಯಿತು. ಸೀಳಿನಲ್ಲಿ ನಾಲ್ಕಾಣೆ ಹಾಕಿ ಹಿಡಿ ತಿರುಗಿಸಿದರೆ ಕೆಳಗಿನ ಬಟ್ಟಲಿಗೆ ಒಂದು ಮುಷ್ಟಿ ಹುರಿದ ನೆಲಗಡಲೆ ಬೀಳುತ್ತಿತ್ತು. ಹುರಿಯುವ ಕೆಲಸ ತಾಹೇರಾ ಅವರದ್ದು. ಉಳಿದದ್ದೆಲ್ಲ ಯಂತ್ರದ್ದು.

ಅದನ್ನು ಇಡಲು ತಕ್ಕ ಜಾಗವೆಂದರೆ ಬಸ್‌ಸ್ಟ್ಯಾಂಡಿಗೆ ಮುಖ ಮಾಡಿದ ಅಣ್ಣಯ್ಯನವರ ಹೋಟೆಲಿನ ಜಗಲಿ. ಅಣ್ಣಯ್ಯ ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿದರು.

"ಇದರ ಪಕ್ಕ ಯಾರು ಕೂರ್ತಾರೆ?"

"ಯಾರೂ ಇಲ್ಲ."

"ಯಾರೂ ಕೂರದೆ ವ್ಯಾಪಾರ ಆಗ್ತದನಾ, ಮಾರಾಯ್ರೆ? ನಾನು ಬೆಳಿಗ್ಗಿಂದ ಗಲ್ಲಾದಲ್ಲೇ ಕೂತಿರ್ತೇನೆ. ಆದ್ರೂ ಜನ ಎರಡು ವಡೆ ತಿಂದು ಒಂದು ಅಂತಾರೆ."

"ನೀವು ಮನುಷ್ಯರು, ಅಣ್ಣಯ್ಯನೋರೆ. ಊಟ ಆದ್ಮೇಲೆ ತೂಕಡಿಸ್ತೀರಿ. ಇದಕ್ಕೆ ಊಟನೂ ಇಲ್ಲ, ತೂಕಡಿಕೆನೂ ಇಲ್ಲ."

ಅಣ್ಣಯ್ಯನವರಿಗೆ ತಮ್ಮ ತೂಕಡಿಕೆಯ ವಿಷಯ ಬಸ್‌ಸ್ಟ್ಯಾಂಡಿನ ತನಕ ಹೋದದ್ದು ಹಿಡಿಸಲಿಲ್ಲ. "ಆಯ್ತು. ಜಗಲಿಗೆ ಬಾಡಿಗೆ ಬೇಡ. ಆದ್ರೆ ಯಾವತ್ತು ಕಾವಲಿಗೆ ಅಂತ ಇದರ ಪಕ್ಕ ಒಂದು ಸ್ಟೂಲು ಬಂತೋ, ಅವತ್ತು ಪೆಟ್ಟಿಗೆ ಎತ್ಬೇಕು. ಆಮೇಲೆ ನಿಮ್ಮದು ಎರಡು ಮಾತು ಉಂಟಲ್ಲ, ಬೀಗದ್ದು, ಅದನ್ನ ಈ ಊರಲ್ಲಿ ಇನ್ನು ಆಡಬಾರದು."

ಸಾಬರು ಒಪ್ಪಿದರು. ಪೆಟ್ಟಿಗೆ ಹೋದರೆ ಇನ್ನೊಂದು ಮಾಡಬಹುದು. ಆ ಎರಡು ಮಾತಿಲ್ಲದೆ ಬದುಕುವುದು ಹೇಗೆ ಎಂಬುದನ್ನು ಮಾತ್ರ ಅವರು ಯಾವತ್ತೂ ಯೋಚಿಸಿರಲಿಲ್ಲ.

ಮೊದಲ ದಂಡಯಾತ್ರೆ ದಾರದ್ದು. ಯಾರೋ ನಾಲ್ಕಾಣೆಗೆ ಸಣ್ಣ ತೂತು ಕೊರೆದು, ದಾರ ಕಟ್ಟಿ ಒಳಗೆ ಬಿಟ್ಟು, ಕಡಲೆ ಬಿದ್ದ ಮೇಲೆ ಮೆಲ್ಲಗೆ ಮೇಲೆಳೆದುಕೊಳ್ಳುತ್ತಿದ್ದರು. ತುಂಗೆಯಲ್ಲಿ ಮೀನು ಹಿಡಿಯುವವರೂ ಅಷ್ಟು ತಾಳ್ಮೆಯಿಂದ ಗಾಳ ಹಾಕಿರಲಿಕ್ಕಿಲ್ಲ. ಕಡಲೆಯ ಬಾಟಲಿ ಬರಿದಾಗಿ, ಕಾಸು ತುಂಬಬೇಕಿದ್ದ ಪೆಟ್ಟಿಗೆಯೂ ಬರಿದಾಗಿದ್ದನ್ನು ಕಂಡ ಸಾಬರು, ಕಾಸು ಜಾರುವ ದಾರಿಯಲ್ಲಿ ಅರ್ಧ ಬ್ಲೇಡನ್ನು ಓರೆಯಾಗಿ ಕೂರಿಸಿದರು. ಇಳಿಯುವ ಕಾಸನ್ನು ಅದು ಮುಟ್ಟುವುದಿಲ್ಲ, ಮೇಲೇರುವ ದಾರವನ್ನು ಬಿಡುವುದಿಲ್ಲ. ಮರುದಿನ ಗ್ಯಾರೇಜಿನ ಮಾರಪ್ಪ ಬೆರಳಿಗೆ ಬರಿಯ ದಾರ ಸುತ್ತಿಕೊಂಡು ಜಗಲಿ ಇಳಿದುಹೋದುದನ್ನು ಊರೇ ನೋಡಿತು.

ಎರಡನೆಯದು ವಾಷರುಗಳದ್ದು. ಜೀಪಿನ ನಟ್ಟಿನಡಿ ಹಾಕುವ ಕಬ್ಬಿಣದ ಬಿಲ್ಲೆಯನ್ನು ಅರದಿಂದ ಉಜ್ಜಿ ಉಜ್ಜಿ ನಾಲ್ಕಾಣೆಯ ಅಳತೆಗೆ ತಂದರೆ ಪೆಟ್ಟಿಗೆಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಪೆಟ್ಟಿಗೆ ತೆರೆದ ಸಾಬರಿಗೆ ಅದರೊಳಗೆ ಇಡೀ ಜೀಪೇ ಬಿಡಿಬಿಡಿಯಾಗಿ ಕೂತಂತೆ ಕಂಡಿತು. ಎಲ್ಲವನ್ನೂ ಲುಂಗಿಯ ಮಡಿಲಲ್ಲಿ ಸುರಿದುಕೊಂಡು ಗ್ಯಾರೇಜಿಗೆ ಹೋದರು.

ಮಾರಪ್ಪ ಲಾರಿಯ ಅಡಿಯಿಂದ ತಲೆ ಮಾತ್ರ ಹೊರಗೆ ಹಾಕಿದ. "ಬನ್ನಿ ಸಾಬ್ರೆ. ವಾಷರ್ ಮಾರೋಕೆ ಬಂದ್ರಾ?"

"ವಾಪಸ್ ಕೊಡೋಕೆ ಬಂದೆ. ನಾಚಿಕೆ ಆಗಲ್ವೇನೋ ನಿಂಗೆ? ಮೊನ್ನೆ ಅಣ್ಣಯ್ಯ ಚಿಲ್ಲರೆ ಜಾಸ್ತಿ ಕೊಟ್ಟಿದ್ರು ಅಂತ ಅರ್ಧ ದಾರಿಯಿಂದ ತಿರುಗಿ ಹೋಗಿ ಕೊಟ್ಟು ಬಂದ್ಯಂತೆ."

"ಅಣ್ಣಯ್ಯ ಮನುಷ್ಯರಲ್ವಾ. ಮನುಷ್ಯರಿಗೆ ಮೋಸ ಮಾಡಿದ್ರೆ ಪಾಪ. ತಗಡಿಗೆ ಮೋಸ ಮಾಡಿದ್ರೆ ಎಂತ ಪಾಪ, ಮಾರಾಯ್ರೆ? ಅದು ಆಟ."

"ಹಾಗಾದ್ರೆ ಆಡು. ಗೆಲ್ಲೋದು ನನ್ನ ತಗಡು."

ಮನೆಯಲ್ಲಿ ಬಾಯಿ ಮುಚ್ಚಿದ್ದ ಹಳೇ ರೇಡಿಯೋ ಒಂದಿತ್ತು. ಸಾಬರು ಅದರ ಸ್ಪೀಕರಿನಿಂದ ಆಯಸ್ಕಾಂತ ಕಿತ್ತು ಕಾಸಿನ ದಾರಿಯ ಪಕ್ಕ ಕೂರಿಸಿದರು. ನಿಜವಾದ ನಾಲ್ಕಾಣೆ ಆಯಸ್ಕಾಂತದ ಕಡೆ ತಿರುಗಿಯೂ ನೋಡದೆ ಮರ್ಯಾದಸ್ಥನಂತೆ ಇಳಿದುಹೋಗುತ್ತಿತ್ತು. ಕಬ್ಬಿಣ ಅಂಟಿಕೊಳ್ಳುತ್ತಿತ್ತು. ಹಿಡಿ ತಿರುಗಿಸಿದ ಕೂಡಲೇ ಒಂದು ತಗಡಿನ ನಾಲಿಗೆ ಅದನ್ನು ಗೀರಿ, ಥುಪ್ ಎಂದು ಬಟ್ಟಲಿಗೆ ಉಗುಳುತ್ತಿತ್ತು. ಕಡಲೆ ಇಲ್ಲ, ಕ್ಷಮೆ ಇಲ್ಲ. ಮಾರಪ್ಪ ಸೀಸದ ಎರಕ ಹೊಯ್ದು ನೋಡಿದ. ಸೀಸ ಬಾಗಿ ಸೀಳಿನಲ್ಲೇ ಸಿಕ್ಕಿಕೊಂಡಿತು. ಹಿತ್ತಾಳೆ ಕತ್ತರಿಸಲು ಕೂತ. ಒಂದು ಬಿಲ್ಲೆಯ ಹಿತ್ತಾಳೆಗೆ ನಾಲ್ಕಾಣೆಗಿಂತ ಹೆಚ್ಚು ಬೀಳುತ್ತದೆಂದು ತಿಳಿದಾಗ ಅವನಂಥವನೂ ಶಸ್ತ್ರ ಕೆಳಗಿಟ್ಟ. ನರಸಿಂಹರಾಜಪುರದ ಬಸ್ಸಿನಿಂದ ಇಳಿದವರು ಉಗುಳುವ ಪೆಟ್ಟಿಗೆಯನ್ನು ನೋಡಿಕೊಂಡೇ ಮುಂದೆ ಹೋಗುವುದು ರೂಢಿಯಾಯಿತು. ಸಾಬರು ಪೆಟ್ಟಿಗೆಗೆ ಬೆನ್ನು ಹಾಕಿ ಕೆಲಸಕ್ಕೆ ಕೂರುತ್ತಿದ್ದರು. ಎದುರಾಗಿ ಕೂತರೆ ಕಾವಲು ಎಂದು ಅಣ್ಣಯ್ಯ ತಕರಾರು ತೆಗೆದಾರು ಎಂದು.

ಹೀಗೆ ಕೆಲವು ವರ್ಷ ಊರಿನ ಕಳ್ಳಬುದ್ಧಿಯನ್ನು ಆಳಿದ ಮೇಲೆ ಎಂಬತ್ತೆಂಟರಲ್ಲಿ ಹೊಸ ನಾಲ್ಕಾಣೆ ಬಂತು.

ಅದು ಮೊದಲು ಬಂದದ್ದು ದಾಕ್ಷಾಯಣಮ್ಮನವರ ಕೈಯಲ್ಲಿ. ಅವರು ಜಯಪುರದ ಕಡೆಯ ಶಾಲೆಯೊಂದರ ಟೀಚರು; ಬಸ್‌ಸ್ಟ್ಯಾಂಡಿನಲ್ಲಿ ನಿಂತವರಲ್ಲಿ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಹೊಳೆಯುವ ನಾಣ್ಯ, ಒಂದು ಕಡೆ ಸಿಂಹ, ಇನ್ನೊಂದು ಕಡೆ ಘೇಂಡಾಮೃಗ. ಸೀಳಿಗೆ ಹಾಕಿದರು, ಹಿಡಿ ತಿರುಗಿಸಿದರು. ಥುಪ್.

ಬಸ್‌ಸ್ಟ್ಯಾಂಡಿನ ಬೆಂಚುಗಳ ಮೇಲಿದ್ದವರು ಇತ್ತ ತಿರುಗಿದರು. ಹಿಂದಿನಿಂದ ಯಾರೋ, "ಟೀಚರೂ ಗ್ಯಾರೇಜಿಗೆ ಹೋಗಿದ್ರು ಅಂತ ಕಾಣ್ತದೆ" ಎಂದರು. ದಾಕ್ಷಾಯಣಮ್ಮನವರ ಮುಖ ಕೆಂಪಾಗಿ, ಆಮೇಲೆ ಬೆಳ್ಳಗಾಗಿ, ಆಮೇಲೆ ಟೀಚರಿನ ಮುಖವಾಯಿತು. ನಾಣ್ಯ ಎತ್ತಿಕೊಂಡು ನೇರ ಸಾಬರ ಅಂಗಡಿಗೆ ನಡೆದರು.

"ಕಮಾಲುದ್ದೀನ್, ನಿಮ್ಮ ಪೆಟ್ಟಿಗೆ ನನ್ನನ್ನ ಕಳ್ಳಿ ಅಂತಿದೆ. ಇದು ಬ್ಯಾಂಕಿಂದ ಬಂದ ಕಾಸು. ತಪ್ಪು ಯಾರದ್ದು ಅಂತ ಎಲ್ಲರ ಎದುರು ಹೇಳಬೇಕು."

ಸಾಬರು ನಾಣ್ಯವನ್ನು ಇನ್ನೊಂದು ಆಯಸ್ಕಾಂತದ ಹತ್ತಿರ ಹಿಡಿದರು. ಘೇಂಡಾಮೃಗ ಹಾರಿ ಅಂಟಿಕೊಂಡಿತು. ತಿರುಗಿಸಿ ಹಿಡಿದರು. ಸಿಂಹಗಳೂ ಅಂಟಿಕೊಂಡವು. ಇಷ್ಟು ವರ್ಷ ಬಿಳಿ ಲೋಹದಲ್ಲಿ ಬರುತ್ತಿದ್ದ ಕಾಸನ್ನು ಸರ್ಕಾರ ಈಗ ಸ್ಟೀಲಿನಲ್ಲಿ ಹೊಡೆದಿತ್ತು.

"ತಪ್ಪು ನಿಮ್ಮದೂ ಅಲ್ಲ, ಪೆಟ್ಟಿಗೆದೂ ಅಲ್ಲ, ಟೀಚರಮ್ಮ" ಎಂದರು ಸಾಬರು, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ. "ಸರ್ಕಾರದ್ದು. ವಾಷರಿಗೆ ಸಿಂಹ ಒತ್ತಿ ಕಳಿಸಿದ್ದಾರೆ."

ಅಷ್ಟು ಹೇಳಿದ್ದಕ್ಕೆ ಟೀಚರ ಮಾನ ಉಳಿಯಿತು. ಸಾಬರದ್ದು ಹೋಗುವುದರಲ್ಲಿತ್ತು. ದಿನದಿನಕ್ಕೆ ಹೊಸ ಕಾಸು ಹೆಚ್ಚಿತು; ಥುಪ್ ಥುಪ್ ಎಂದು ಪೆಟ್ಟಿಗೆ ಭಾರತ ಗಣರಾಜ್ಯವನ್ನು ಉಗುಳುತ್ತಲೇ ಇತ್ತು. ಮಾರಪ್ಪ ಕೆಲಸ ಬಿಟ್ಟು ಬಂದು ನೋಡಿ, "ಅಂತೂ ಸರ್ಕಾರನೂ ನನ್ನ ದಾರಿಗೇ ಬಂತು, ಸಾಬ್ರೆ" ಎಂದು ಹೋದ.

ಅಣ್ಣಯ್ಯ ತಾವೇ ಗಲ್ಲಾ ಬಿಟ್ಟು ಸಾಬರ ಅಂಗಡಿಗೆ ನಡೆದು ಬಂದರು. ಇದು ಮೊದಲ ಸಲ.

"ಆಯಸ್ಕಾಂತ ಇಟ್ರೆ ಸರ್ಕಾರ ಒಳಗೆ ಹೋಗಲ್ಲ. ತೆಗೆದ್ರೆ ಮಾರಪ್ಪ ಒಳಗೆ ಹೋಗ್ತಾನೆ. ಇನ್ನು ಇದರ ಪಕ್ಕ ಒಬ್ಬ ಕೂತು ಕಾಸು ನೋಡಬೇಕು, ಬೇರೆ ದಾರಿ ಇಲ್ಲ. ಸ್ಟೂಲು ತಂದು ಸೋಲ್ತೀರೋ, ಹಾಗೇ ಪೆಟ್ಟಿಗೆ ಎತ್ತೀರೋ? ನಾಡಿದ್ದಿನೊಳಗೆ ಹೇಳಿ."

"ಎರಡೂ ಮಾಡಲ್ಲ."

"ಮತ್ತೆ ಎಂತ ಮಾಡ್ತೀರಿ?"

"ನಾಡಿದ್ದು ಹೇಳ್ತೀನಿ" ಎಂದರು ಸಾಬರು. ಅವರಿಗೂ ಅಷ್ಟೇ ಗೊತ್ತಿತ್ತು.

ಮನೆಯಲ್ಲಿ ತಾಹೇರಾ ಕಡಲೆ ಹುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು. "ಸೋತೆ ಅಂತ ಒಂದು ಸಲ ಹೇಳಿದ್ರೆ ನಾಲಿಗೆ ಬಿದ್ದುಹೋಗಲ್ಲ."

"ಬಿದ್ದುಹೋಗ್ತದೆ. ನಮ್ಮ ವಂಶದಲ್ಲಿ ಯಾರೂ ಹೇಳಿ ನೋಡಿಲ್ಲ."

ಆದರೂ ಸಾಬರ ಮನಸ್ಸು ಆಯಸ್ಕಾಂತದ ಮೇಲೆ ನಿಲ್ಲಲಿಲ್ಲ. ಅದು ಮತ್ತೆ ಮತ್ತೆ ದಾಕ್ಷಾಯಣಮ್ಮನವರ ಮುಖದ ಕಡೆಗೇ ಹೋಗುತ್ತಿತ್ತು. ಯಮನಿಗೂ ಮಗ್ಗಿ ಒಪ್ಪಿಸು ಎನ್ನುವಂಥ ಹೆಂಗಸು, ಏನೂ ತಪ್ಪು ಮಾಡದೆ ಯಾಕೆ ಬೆಳ್ಳಗಾದರು? ಪೆಟ್ಟಿಗೆ ಉಗುಳಿತೆಂದಲ್ಲ. ಉಗುಳಿದ್ದನ್ನು ಬೆಂಚಿನ ಮೇಲಿದ್ದವರು ನೋಡಿದರು ಎಂದು. ಮಾರಪ್ಪನಿಗೆ ತಗಡಿನ ಎದುರು ನಾಚಿಕೆ ಇಲ್ಲ. ಯಾಕೆಂದರೆ ಬಿಲ್ಲೆ ಒಳಗೆ ಬಿದ್ದ ಮೇಲೆ ಅದನ್ನು ಕಾಣುವುದು ತಗಡು ಮಾತ್ರ. ಸಾಬರು ಬಾಯಿಗೆ ಹಾಕಲು ಹೊರಟಿದ್ದ ಕಡಲೆಯನ್ನು ಹಾಗೇ ಬಾಣಲೆಗೆ ಬಿಟ್ಟು ಎದ್ದರು.

ಗಡುವಿನ ದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಆಯಸ್ಕಾಂತ ಇರಲಿಲ್ಲ. ಅದರ ಬದಲು ಎದೆಯ ಮೇಲೆ ಅಂಗೈಯಷ್ಟು ಗಾಜು ಬಂದಿತ್ತು. ಹಾಕಿದ ಕಾಸು ಈಗ ಸನ್ನೆಯನ್ನು ಒದ್ದು, ಕಡಲೆ ಬೀಳಿಸಿ, ನೇರ ಕತ್ತಲಿಗೆ ಹೋಗುತ್ತಿರಲಿಲ್ಲ. ಗಾಜಿನ ಹಿಂದೆ ಎದ್ದು ನಿಂತಿರುತ್ತಿತ್ತು. ಮುಂದಿನ ಕಾಸು ಬಂದು ನೂಕಿದರೆ ಮಾತ್ರ ಅದಕ್ಕೆ ಕೆಳಗಿಳಿಯುವ ಮುಕ್ತಿ.

ಅಣ್ಣಯ್ಯ ನೋಡಿದ ಕೂಡಲೇ ಹಿಡಿದರು. "ಇದು ಕಾವಲೇ ಆಯ್ತಲ್ಲ, ಸಾಬ್ರೆ. ಬಸ್‌ಸ್ಟ್ಯಾಂಡಿನ ಜನರನ್ನೆಲ್ಲ ಕಾವಲಿಗೆ ಕೂರಿಸಿದ್ದೀರಿ."

"ನಾನು ಕೂರಿಸಿದ್ದಲ್ಲ, ಬಸ್ಸು ಬರದೆ ಕೂತಿದ್ದಾರೆ. ಬೆಂಚು ಪಂಚಾಯ್ತಿದು. ನನ್ನ ಸ್ಟೂಲು ಎಲ್ಲುಂಟು, ತೋರ್ಸಿ."

ಅಣ್ಣಯ್ಯ ಸುತ್ತ ನೋಡಿದರು. ಸ್ಟೂಲು ಇರಲಿಲ್ಲ.

ಅಷ್ಟರಲ್ಲಿ ಆಯಸ್ಕಾಂತ ತೆಗೆದ ಸುದ್ದಿ ಗ್ಯಾರೇಜಿಗೆ ಮುಟ್ಟಿತ್ತು. ಗಾಜಿನ ಸುದ್ದಿ ಮುಟ್ಟಿರಲಿಲ್ಲ. ಮಾರಪ್ಪ ಕೈ ಒರೆಸಿಕೊಳ್ಳುತ್ತ, ದಂಡಯಾತ್ರೆಗೆ ಹೊರಟ ದೊರೆಯ ಹಾಗೆ ಬಂದ. ಜೇಬಿನಿಂದ ತೆಗೆದ, ಹಾಕಿದ, ತಿರುಗಿಸಿದ. ಬಟ್ಟಲಿಗೆ ಬಿದ್ದ ಕಡಲೆಯನ್ನು ಬಾಚಿಕೊಂಡು ತಲೆಯೆತ್ತಿದ. ಗಾಜಿನ ಹಿಂದೆ ಅವನ ವಾಷರು ನಡುವಿನ ತೂತಿನಿಂದ ಅವನನ್ನೇ ನೋಡುತ್ತಿತ್ತು. ಬೆಂಚುಗಳೂ ನೋಡುತ್ತಿದ್ದವು.

"ಇದು ಹಿಂದೆ ಯುದ್ಧದ ಕಾಲದಲ್ಲಿ ಇತ್ತಲ್ಲ, ತೂತಿನ ಕಾಸು, ಅದಲ್ವಾ?" ಎಂದು ಸಿರಿಮನೆ ಕಡೆಯ ಮುದುಕರೊಬ್ಬರು ನಿಜವಾಗಿಯೂ ಆಸಕ್ತಿಯಿಂದ ಕೇಳಿದರು.

ದಾಕ್ಷಾಯಣಮ್ಮ ಕನ್ನಡಕ ಏರಿಸಿಕೊಂಡು ಗಾಜಿನ ಹತ್ತಿರ ಬಗ್ಗಿದರು. "ಸಿಂಹವೂ ಇಲ್ಲ, ಘೇಂಡಾಮೃಗವೂ ಇಲ್ಲ. ಎರಡೂ ಆ ತೂತಲ್ಲೇ ಓಡಿಹೋದ್ವಾ, ಮಾರಪ್ಪ?"

ಮಾರಪ್ಪ ನಗಲು ನೋಡಿದ. ಇನ್ನು ಯಾರಾದರೂ ಬಂದು ಕಾಸು ಹಾಕಿದರೆ ವಾಷರು ಇಳಿದುಹೋಗುತ್ತದೆ ಎಂದು ಸ್ವಲ್ಪ ಹೊತ್ತು ಕಾದ. ಯಾರಿಗೂ ಹಸಿವಿರಲಿಲ್ಲ. ಶೃಂಗೇರಿ ಬಸ್ಸು ಬಂದು ನಿಂತಿತು. ಏನೆಂದು ತಿಳಿದ ಮೇಲೆ ಕಂಡಕ್ಟರನೂ ಸೀಟಿ ಊದದೆ ಮೆಟ್ಟಿಲ ಮೇಲೆ ನಿಂತುಬಿಟ್ಟ. ಹೊಸಬರು ಇಳಿದು, "ಯಾರದ್ದಂತೆ?" ಎಂದು ಕೇಳುವುದು, ಹಳಬರು ಗಲ್ಲ ಮುಂದೆ ಮಾಡಿ ತೋರಿಸುವುದು ನಡೆಯಿತು.

ಕೊನೆಗೆ ಮಾರಪ್ಪ ಒಳಜೇಬಿಗೆ ಕೈ ಹಾಕಿದ. ಹೊಳೆಯುವ ಹೊಸ ಘೇಂಡಾಮೃಗವನ್ನು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಸೀಳಿಗೆ ಹಾಕಿ ಹಿಡಿ ತಿರುಗಿಸಿದ. ವಾಷರು ಕತ್ತಲಿಗೆ ಬಿತ್ತು. ಗಾಜಿನ ಹಿಂದೆ ಸರ್ಕಾರ ಬಂದು ನಿಂತಿತು.

ಎರಡನೇ ಮುಷ್ಟಿ ಕಡಲೆಯನ್ನು ಜಗಿಯುತ್ತ ಅವನು ಸಾಬರ ಅಂಗಡಿಯ ಮುಂದೆ ಹಾದುಹೋಗಬೇಕಾಯಿತು. ದಾರಿ ಅದೊಂದೇ.

"ಕಡ್ಲೆ ಸೀದುಹೋಗಿದೆ, ಸಾಬ್ರೆ" ಎಂದ.

ಸಾಬರು ಕೈಲಿದ್ದ ಛತ್ರಿಯ ಕಡ್ಡಿಯಿಂದ ಕಣ್ಣೆತ್ತಲಿಲ್ಲ. "ಅದಕ್ಕೇ ಎರಡೆರಡು ಸಲ ತಗೊಂಡ್ಯನಾ, ಮಾರಾಯ?"