ತೋಟೆಯ ತಳ ನೋಡುವ ಅರ್ಡಿಸ್

ಬೆಳಗಿನ ಐದೂವರೆ. ಮೊಂಟಾನಾದ ಆಲ್ಡರ್ ಬೆಂಡ್ ಊರಿನ ಶೂಟಿಂಗ್ ಕ್ಲಬ್ಬಿನ ಹಿಂದೆ ಒಂದು ತಗಡಿನ ಶೆಡ್ಡು. ಅದರೊಳಗೆ ಅರ್ಡಿಸ್ ನೂಡ್ಸನ್ ಹಣೆಗೆ ಟಾರ್ಚು ಕಟ್ಟಿಕೊಂಡು ಆಗಲೇ ಕೂತಿದ್ದಾರೆ. ರಿವಾಲ್ವರಿನಲ್ಲಿ ಹೊಡೆದು ಉಳಿದ ಖಾಲಿ ಹಿತ್ತಾಳೆ ತೋಟೆಯೊಂದನ್ನು ಎತ್ತಿಕೊಳ್ಳುತ್ತಾರೆ, ಬಾಯೊಳಗೆ ಇಣುಕುತ್ತಾರೆ, ಬಲಗಡೆಯ ಡಬ್ಬಿಗೆ ಹಾಕುತ್ತಾರೆ. ದಿನಕ್ಕೆ ನಾನೂರು, ಸ್ಪರ್ಧೆಯಿದ್ದ ವಾರ ಆರುನೂರು. ಇವರು ಒಪ್ಪಿದ ಹಿತ್ತಾಳೆಗಷ್ಟೇ ಊರಿನವರು ಮತ್ತೆ ಮದ್ದು, ಗುಂಡು ತುಂಬುತ್ತಾರೆ. ಹತ್ತೊಂಬತ್ತು ವರ್ಷ ಹೀಗೇ ನಡೆದಿದೆ. ಕ್ಲಬ್ಬಿನ ಗೋಡೆ ತುಂಬ ಫೋಟೋಗಳಿವೆ, ಅರ್ಡಿಸ್ ಮುಖ ಮಾತ್ರ ಒಂದರಲ್ಲೂ ಇಲ್ಲ.

ಬಿರುಕು ಬಿಟ್ಟದ್ದು ಯಾರ ಕಣ್ಣಿಗಾದರೂ ಬೀಳುತ್ತದೆ. ಇವರು ನೋಡುವುದು ತಳವನ್ನು. ಈಗಿನ ತೋಟೆಗಳ ಒಳತಳ ದಪ್ಪ, ಸಪಾಟು. ಅಜ್ಜಂದಿರ ಕಾಲದವುಗಳಲ್ಲಿ, ಮದ್ದಿಗೆ ಕಿಡಿ ಕೊಡುವ ಕೇಪು ಕೂರುವ ಜಾಗ ಒಳಗಡೆ ಸಣ್ಣ ದಿಬ್ಬದ ಹಾಗೆ ಎದ್ದಿರುತ್ತದೆ, ಅದರ ಸುತ್ತ ಹಿತ್ತಾಳೆ ತೆಳ್ಳಗೆ. ಅಂಥದಕ್ಕೆ ಈಗಿನ ಜೋರಿನ ಮದ್ದು ತುಂಬಿದರೆ ತಳ ಹರಿದು ಹೊಡೆದವರ ಮುಖಕ್ಕೇ ಬರಬಹುದು. ಹೊರಗಿನಿಂದ ಎರಡೂ ಒಂದೇ ಥರ. ಹಿಂಬದಿಯಲ್ಲಿ ಕಂಪನಿ ಒತ್ತಿದ ಮುದ್ರೆಯೂ ಒಂದೇ ಇರಬಹುದು.

ಆ ಮುದ್ರೆ ಅರ್ಡಿಸ್‌ರನ್ನೂ ಒಮ್ಮೆ ಏಮಾರಿಸಿದೆ. ಗಂಡ ಮರ್ಲ್‌ಗೆ ತೋಟೆ ಆರಿಸಿಕೊಡುವಾಗ ಮುದ್ರೆ ನೋಡಿದರು, ಒಳಗೆ ನೋಡಲಿಲ್ಲ. ಮರ್ಲ್‌ರ ಬಲಗಣ್ಣು ಹೋಯಿತು. ಅವರು ಈಗಿಲ್ಲ. "ಒಂದಿನಾನೂ ನನ್ನ ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿಯಿತ್ತು," ಎನ್ನುತ್ತಾರೆ ಅರ್ಡಿಸ್, ಕೈಯಲ್ಲಿದ್ದ ತೋಟೆಯಿಂದ ಕಣ್ಣು ಕೀಳದೆ. ಮರ್ಲ್‌ರ ಕಣ್ಣು ಹೋದ ಮರುವಾರವೇ ಈ ಶೆಡ್ಡಿಗೆ ಬಂದು ಕೂತರಂತೆ. ಯಾರೂ ಕರೆದಿರಲಿಲ್ಲ.

ಈ ಸೋಮವಾರ ಅವರ ಮೇಜಿಗೆ ಒಂದು ಕಾಫಿ ಡಬ್ಬ ಬಂತು. ತಂದವನು ಡ್ವೇನ್ ಫಾಸಮ್, ದನ ಸಾಕುವವನು. ಅವನ ತಂದೆ ಆರ್ವಿಲ್ ತೀರಿಕೊಂಡಿದ್ದರು. ಕ್ಲಬ್ಬಿನ ಹಿರಿಯರು ಹೋದರೆ ಅವರದೇ ರಿವಾಲ್ವರಿನಲ್ಲಿ, ಅವರದೇ ಹಿತ್ತಾಳೆಯಲ್ಲಿ ಮನೆಯವರು ಸಮಾಧಿಯ ಬಳಿ ಆರು ಸಲ ಹೊಡೆಯುವುದು ಇಲ್ಲಿನ ರೂಢಿ. ಡಬ್ಬದಲ್ಲಿದ್ದವು ಆರ್ವಿಲ್‌ರ ಐವತ್ತೆರಡು ಖಾಲಿ ತೋಟೆ. ಅರ್ಡಿಸ್ ಒಂದೊಂದನ್ನೂ ನೋಡಿದರು. ಐವತ್ತೆರಡರಲ್ಲೂ ದಿಬ್ಬ.

"ನಮ್ಮಪ್ಪ ನಲವತ್ತು ವರ್ಷ ಇದ್ರಲ್ಲೇ ಹೊಡ್ದಿದಾರೆ. ಏನಾಯ್ತು ಹೇಳಿ?" ಎಂದ ಡ್ವೇನ್. ಈ ಪ್ರಶ್ನೆ ಅರ್ಡಿಸ್‌ಗೆ ಹೊಸದಲ್ಲ. ಇಷ್ಟು ದಿನ ತಾಳಿದ್ದು ಮುಂದೆಯೂ ತಾಳುತ್ತದೆ ಎಂದುಕೊಳ್ಳುವುದು ಈ ಊರಿನ ಹಳೇ ಚಾಳಿ.

"ನಲವತ್ತು ವರ್ಷ ಏಟು ತಿಂದಿದೆ ಕಣಪ್ಪ ಅದು. ಇನ್ನೆಷ್ಟು ತಿನ್ನುತ್ತೆ ಅಂತ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ."

ಮದ್ದು ಕಡಿಮೆ ಹಾಕಿದರಾಯಿತಲ್ಲ ಎಂದು ಅವನು ವಾದಿಸಿದ. ಅರ್ಡಿಸ್ ಸುಳ್ಳು ಹೇಳಲಿಲ್ಲ. "ಕಡಿಮೆ ಹಾಕಿದ್ರೆ ಏನೂ ಆಗ್ಲಿಕ್ಕಿಲ್ಲ. ಆಮೇಲೆ ಈ ಡಬ್ಬ ನಿನ್ನ ಮಗಳ ಕೈಗೆ ಹೋಗುತ್ತೆ. ಅವಳಿಗೆ ಇದನ್ನೆಲ್ಲ ಯಾರು ಹೇಳ್ತಾರೆ?"

ತಿರಸ್ಕರಿಸಿದ ತೋಟೆಯನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡುವುದು ಶೆಡ್ಡಿನ ಕಟ್ಟಳೆ. ಕಸದಿಂದ ಯಾರೂ ಹೆಕ್ಕಿಕೊಳ್ಳಬಾರದು. ಅರ್ಡಿಸ್ ಇಕ್ಕಳ ಎತ್ತಿಕೊಂಡದ್ದೇ ತಡ, ಡ್ವೇನ್ ಡಬ್ಬ ಕಸಿದುಕೊಂಡ. "ಮರ್ಲ್‌ಗೆ ಆರಿಸಿ ಕೊಟ್ರಲ್ಲ, ಆವಾಗೆಲ್ಲಿತ್ತು ಈ ಬುದ್ಧಿ?" ಎಂದು ಹೊರಟೇಬಿಟ್ಟ.

ಅರ್ಡಿಸ್‌ಗೆ ತುಂಬಾ ನೋವಾಯಿತು. ಅದನ್ನು ಅವರು ಮುಚ್ಚಿಡುವುದಿಲ್ಲ. ಆದರೂ ಅದೇ ಅಳತೆಯ ಆರು ಹೊಸ ತೋಟೆಗಳನ್ನು ಆರಿಸಿ, ಲಕೋಟೆಗೆ ಹಾಕಿ, ಮೇಲೆ ಆರ್ವಿಲ್ ಎಂದು ಬರೆದು ಕಿಟಕಿಯ ಬಳಿ ಇಟ್ಟರು. ಅವನು ಬರುತ್ತಾನೆಂಬ ನಂಬಿಕೆಯೇನೂ ಇರಲಿಲ್ಲ. ಶುಕ್ರವಾರದವರೆಗೂ ಬರಲಿಲ್ಲ.

ಆರ್ವಿಲ್‌ರನ್ನು ಮಣ್ಣು ಮಾಡುವುದಿದ್ದದ್ದು ಶನಿವಾರ ಹನ್ನೊಂದಕ್ಕೆ. ಅಂದು ಬೆಳಗಿನ ಆರಕ್ಕೆ ಡ್ವೇನ್ ಶೆಡ್ಡಿಗೆ ಬಂದು ಕಾಫಿ ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದ. ಐವತ್ತೆರಡೂ ಚಪ್ಪಟೆ. "ರಾತ್ರಿ ನಾನೇ ಟಾರ್ಚ್ ಹಾಕಿ ಒಳಗೆ ನೋಡ್ದೆ," ಎಂದ. ಮರ್ಲ್‌ರ ಮಾತು ತೆಗೆಯಲು ಹೋದ. ಅರ್ಡಿಸ್ ಬಿಡಲಿಲ್ಲ, ಲಕೋಟೆ ಕೊಟ್ಟು, ಮದ್ದು ತುಂಬಿಸಿಕೊಳ್ಳಲು ಹೊತ್ತಾಗುತ್ತೆ, ಹೊರಡು ಎಂದರು.

ಅರ್ಡಿಸ್ ಸಮಾಧಿಯ ಬಳಿಗೆ ಹೋಗಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ, ಬಂದವರ ಊಟಕ್ಕೆ ಬನ್ನಿನೊಳಗೆ ಹ್ಯಾಮ್ ಇಡುತ್ತಾ ಕಿವಿಗೊಟ್ಟಿದ್ದರು. ಒಂದು, ಎರಡು, ಮೂರು. ನಾಲ್ಕನೆಯದು ತಡವಾಯಿತು, ಅರ್ಡಿಸ್‌ರ ಕೈ ನಿಂತಿತು. ಆಮೇಲೆ ಉಳಿದ ಮೂರೂ ಕೇಳಿಸಿದವು. ಸ್ವಲ್ಪ ಹೊತ್ತಿಗೆ ಡ್ವೇನ್ ಮೆಟ್ಟಿಲಿಳಿದು ಬಂದು ಕಾಫಿಗೆ ಕೈ ಚಾಚಿದ. ಅರ್ಡಿಸ್ ಮೊದಲು ಅವನ ಮುಖ ನೋಡಿದರು. ಎರಡೂ ಕಣ್ಣು ಅತ್ತು ಕೆಂಪಾಗಿದ್ದವು. ಆಮೇಲೆ ಕಾಫಿ ಕೊಟ್ಟರು.

ನಿಮ್ಮ ಫೋಟೋ ಕ್ಲಬ್ಬಿನ ಗೋಡೆಗೆ ಹಾಕಬೇಕಲ್ಲವೇ ಎಂದು ಕೇಳಿದರೆ ಅರ್ಡಿಸ್ ಬೇಡವೆಂದು ತಲೆಯಾಡಿಸುತ್ತಾರೆ. "ಈ ಊರು ನನ್ನ ಹೆಸರು ಹೇಳಿದ್ದು ಒಂದೇ ಸಲ, ಮರ್ಲ್ ಕಣ್ಣು ಹೋದ ದಿನ. ಇನ್ನೊಂದ್ಸಲ ಹೇಳದೇ ಇದ್ರೆ ಸಾಕು."